ಸ್ಯಾವಿನ್ ಜುನಿಪರ್: ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಜರ್ಮನಿಯಲ್ಲಿ ನಾವು ಹಳೇ ಮನೆ ಕೊಂಡಾಗ, ಅದರ ಮುಂದಿನ ಇಳಿಜಾರಿನಲ್ಲಿ ಒಂದು ಕಡುಹಸಿರು ಪೊದೆ ಹಾಸಿಕೊಂಡು ಬಿದ್ದಿತ್ತು. ಸೊಂಟದೆತ್ತರ ಅಷ್ಟೇ, ಆದರೆ ಅಗಲ ಮಾತ್ರ ಒಂದು ಕಾರು ನಿಲ್ಲಿಸುವಷ್ಟು. ಊರಿಂದ ಬಂದವರೆಲ್ಲ ಅದರ ಮುಂದೆ ನಿಂತು ಏನಾದರೂ ಕೇಳುತ್ತಿದ್ದರು. "ಇದು ಸರ್ವೆ ಜಾತಿನಾ?" "ಕಾಯಿ ತಿನ್ನಬಹುದಾ?" "ನಮ್ಮ ಬೆಂಗಳೂರಲ್ಲಿ ಬರುತ್ತಾ?" ಮೊದಮೊದಲು ನನಗೂ ಉತ್ತರ ಗೊತ್ತಿರಲಿಲ್ಲ. ತಿಳಿದುಕೊಳ್ಳುತ್ತಾ ಹೋದೆ. ಯುರೋಪ್, ಅಮೆರಿಕ, ಕೆನಡಾದಲ್ಲಿ ಮನೆ ಮಾಡಿಕೊಂಡಿರುವ ಸ್ನೇಹಿತರೂ ಈಗ ಇದೇ ಪ್ರಶ್ನೆ ಕಳಿಸುತ್ತಾರೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಇದು ಯಾವ ಗಿಡ? ಸರ್ವೆ ಮರಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇಲ್ಲ. ನಮ್ಮ ಸರ್ವೆ ಅಂದರೆ ಗಾಳಿಮರ ದೂರದಿಂದ ನೋಡಲು ಸ್ವಲ್ಪ ಹೀಗೇ ಕಾಣಬಹುದು, ಆದರೆ ಅದು ಹೂ ಬಿಡುವ ಗಿಡಗಳ ಗುಂಪಿಗೆ ಸೇರಿದ್ದು. ಇದು ಸ್ಯಾವಿನ್ ಜುನಿಪರ್, ಸೈಪ್ರೆಸ್ ಕುಟುಂಬದ್ದು. ನರ್ಸರಿಯವರು ಮೋರ್ಪಂಖಿ ಎಂದು ಮಾರುವ ತೂಜಾ ಇದೆಯಲ್ಲ, ಅದು ಇದರ ದಾಯಾದಿ. ಸಸ್ಯಶಾಸ್ತ್ರದ ಹೆಸರು ಜುನಿಪೆರಸ್ ಸಬೀನಾ. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇಟ್ಟ ಹೆಸರು, ಇವತ್ತಿಗೂ ಬದಲಾಗಿಲ್ಲ.

ವರ್ಷವಿಡೀ ಹಸಿರಾಗಿರುವ ಪೊದೆ. ಸಾಮಾನ್ಯವಾಗಿ 1ರಿಂದ 2 ಮೀಟರ್ ಎತ್ತರ, ಅಪರೂಪಕ್ಕೆ 4 ಮೀಟರ್ ತನಕ ಹೋಗುತ್ತದೆ. ಮೇಲಕ್ಕೆ ಏರುವುದಕ್ಕಿಂತ ಪಕ್ಕಕ್ಕೆ ಚಾಚುವುದೇ ಇದಕ್ಕೆ ಇಷ್ಟ.

ಸ್ಯಾವಿನ್ ಅನ್ನೋ ಹೆಸರು ಎಲ್ಲಿಂದ ಬಂತು?

ರೋಮಿನ ಪಕ್ಕದ ಬೆಟ್ಟಗಳಲ್ಲಿ ಸಬೈನ್ ಅನ್ನುವ ಜನ ಇದ್ದರು. ಅವರ ಸೀಮೆಯ ಗಿಡ ಅಂತ ರೋಮನ್ನರು ಇದನ್ನು 'ಹೆರ್ಬಾ ಸಬೀನಾ' ಎಂದರು. ಅದೇ ಸವೆದು ಸವೆದು ಇಂಗ್ಲಿಷಿನಲ್ಲಿ ಸ್ಯಾವಿನ್ ಆಯಿತು, ಜರ್ಮನ್ನಿನಲ್ಲಿ ಸಾಡೆಬೌಮ್ ಆಯಿತು.

ಕ್ರಿಸ್ತಪೂರ್ವ 2ನೇ ಶತಮಾನದ ರೋಮನ್ ಯಜಮಾನ ಕೇಟೋ, ಎತ್ತುಗಳಿಗೆ ಕಾಯಿಲೆ ಬರದಿರಲಿ ಎಂದು ಕುಡಿಸುವ ಒಂದು ಮದ್ದನ್ನು ಬರೆದಿಟ್ಟಿದ್ದಾನೆ. ಮೂರು ಹರಳು ಉಪ್ಪು, ಮೂರು ಲಾರೆಲ್ ಎಲೆ, ಮೂರು ಬೆಳ್ಳುಳ್ಳಿ, ಮೂರು ಸಬೀನಾ, ಹೀಗೆ ಎಲ್ಲವೂ ಮೂರು ಮೂರು. ಓದಿದಾಗ ನಮ್ಮ ಹಳ್ಳಿಯ ನಾಟಿ ವೈದ್ಯರೇ ನೆನಪಾದರು. ಕ್ರಿಸ್ತಶಕ 800ರ ಸುಮಾರಿಗೆ ಶಾರ್ಲಮೇನ್ ದೊರೆಯ ತೋಟಗಳಲ್ಲಿ ಇರಬೇಕಾದ ಗಿಡಗಳ ಪಟ್ಟಿಯಲ್ಲೂ ಇದರ ಹೆಸರಿದೆ. ಅಂದರೆ ಚೆಂದಕ್ಕೆ ಅಂತ ತೋಟಕ್ಕೆ ಬಂದ ಗಿಡ ಅಲ್ಲ ಇದು, ಮದ್ದಿಗೆ ಅಂತ ಬಂದದ್ದು.

ಬೇರೆ ಭಾಷೆಯ ಹೆಸರುಗಳೂ ಮಜವಾಗಿವೆ. ರಷ್ಯನ್ನರು ಇದನ್ನು ಕೊಸಾಕ್ ಜುನಿಪರ್ ಅನ್ನುತ್ತಾರೆ. ಸ್ಪೇನಿನಲ್ಲಿ 'ಸಬೀನಾ ರಾಸ್ತ್ರೇರಾ', ಅಂದರೆ ತೆವಳುವ ಸಬೀನಾ. ಜರ್ಮನ್ನರ ಇನ್ನೊಂದು ಹೆಸರು 'ಸ್ಟಿಂಕ್‌ವಾಖೋಲ್ಡರ್', ನಾರುವ ಜುನಿಪರ್. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕಾಡಿನಲ್ಲಿ ಇದು ಎಲ್ಲಿ ಬೆಳೆಯುತ್ತದೆ?

ಇದರ ರಾಜ್ಯ ದೊಡ್ಡದು. ಸ್ಪೇನಿನ ಬೆಟ್ಟಗಳಿಂದ ಶುರುವಾಗಿ ಆಲ್ಪ್ಸ್, ಬಾಲ್ಕನ್, ಕ್ರೈಮಿಯಾ, ಕಾಕಸಸ್, ಟರ್ಕಿ ದಾಟಿ ಮಧ್ಯ ಏಷ್ಯಾದ ತಿಯಾನ್ ಶಾನ್, ಅಲ್ತಾಯ್, ಮಂಗೋಲಿಯಾ, ಉತ್ತರ ಚೀನಾ ತನಕ ಹೋಗುತ್ತದೆ. ಹೆಚ್ಚಾಗಿ 1000 ಮೀಟರಿನಿಂದ 3000 ಮೀಟರ್ ಎತ್ತರದಲ್ಲಿ. ಬಿಸಿಲು ಬೀಳುವ ಇಳಿಜಾರು, ಕಲ್ಲು, ತೆಳ್ಳಗಿನ ಮಣ್ಣು, ಕಡಿಮೆ ಮಳೆ, ಕೊರೆಯುವ ಚಳಿ. ಬೇರೆ ಗಿಡ ಬೇಡ ಅಂದ ಜಾಗವೇ ಇದಕ್ಕೆ ಬೇಕು.

ನಾನು ಮೊದಲು ಕಾಡಿನಲ್ಲಿ ನೋಡಿದ್ದು ಸ್ವಿಟ್ಜರ್‌ಲ್ಯಾಂಡಿನ ವಾಲೇ ಪ್ರಾಂತ್ಯದಲ್ಲಿ. ರೋನ್ ನದಿಯ ಕಣಿವೆಯ ಒಣ ಇಳಿಜಾರು ಅದು. ಆಲ್ಪ್ಸ್ ಅಂದರೆ ಹಸಿರು ಹುಲ್ಲು, ಹಸು, ಗಂಟೆ ಅಂತ ಅಂದುಕೊಂಡು ಹೋದವರಿಗೆ ಆಶ್ಚರ್ಯ ಆಗುತ್ತದೆ. ಎರಡೂ ಕಡೆಯ ಎತ್ತರದ ಬೆಟ್ಟಗಳು ಮೋಡ ತಡೆಯುವುದರಿಂದ ಅಲ್ಲಿ ಮಳೆ ಕಡಿಮೆ. ನೋಡಿದರೆ ಚಿತ್ರದುರ್ಗದ ಬೆಟ್ಟದ ಮೇಲೆ ನಿಂತ ಹಾಗೆ, ಹಿಂದೆ ಹಿಮದ ಶಿಖರ ಇರುವುದೊಂದು ಬಿಟ್ಟರೆ. ಅಂಥ ಕಡೆ ಬಂಡೆಗೆ ಅಂಟಿಕೊಂಡು ಸ್ಯಾವಿನ್ ಹರಡಿತ್ತು.

ಸ್ಪೇನಿನ ತೆರುಯೆಲ್ ಪ್ರಾಂತ್ಯದ ಹವಾಲಾಂಬ್ರೆ ಬೆಟ್ಟಸಾಲಿನಲ್ಲಿ ಇನ್ನೂ ವಿಚಿತ್ರ. ಅಲ್ಲಿ ಒಂದೊಂದು ಪೊದೆಯೂ ದುಂಡಗೆ ಬೆಳೆದು, ಬೋಳು ಬೆಟ್ಟದ ಮೈಮೇಲೆ ಕಪ್ಪು ಹಸಿರು ಚುಕ್ಕೆಗಳಾಗಿ ಕಾಣುತ್ತದೆ. ಅಲ್ಲಿನವರು ಅದನ್ನು ಚಿರತೆಯ ಚರ್ಮಕ್ಕೆ ಹೋಲಿಸುತ್ತಾರೆ.

ಮರಳುಗಾಡಿನಲ್ಲೂ ಬೆಳೆಯುತ್ತೆ ಅಂತ ಕೇಳಿದ್ದೆ. ನಿಜವಾ?

ನಿಜ. ಚೀನಾದ ಒಳಮಂಗೋಲಿಯಾ ಮತ್ತು ಶಾನ್ಶಿ ಪ್ರಾಂತ್ಯದ ಗಡಿಯಲ್ಲಿ ಮೂ ಉಸ್ ಎಂಬ ಮರಳು ಸೀಮೆ ಇದೆ. ಅಲ್ಲಿ ಈ ಪೊದೆ ತಾನಾಗಿಯೇ ಬೆಳೆಯುತ್ತದೆ. ಚೀನೀಯರು ಇದನ್ನು 'ಶಾದಿಬಾಯ್' ಎನ್ನುತ್ತಾರೆ. ಮದುವೆಗೂ ಇದಕ್ಕೂ ಸಂಬಂಧ ಇಲ್ಲ, ಮರಳು ನೆಲದ ಸೈಪ್ರೆಸ್ ಅಂತ ಅರ್ಥ. ಅವರಲ್ಲೂ ಇನ್ನೊಂದು ಹೆಸರು ನಾರುವ ಸೈಪ್ರೆಸ್ ಅಂತಲೇ.

ಅಲ್ಲಿ ಬದುಕುವ ಉಪಾಯ ಸರಳ. ಗಾಳಿ ಮರಳು ತಂದು ಕೊಂಬೆಯ ಮೇಲೆ ಸುರಿಯುತ್ತದೆ. ಬೇರೆ ಗಿಡವಾಗಿದ್ದರೆ ಉಸಿರು ಕಟ್ಟಿ ಸತ್ತಿರುತ್ತಿತ್ತು. ಇದು ಹೂತುಹೋದ ಕೊಂಬೆಯಿಂದಲೇ ಹೊಸ ಬೇರು ಬಿಡುತ್ತದೆ, ತುದಿ ಮತ್ತೆ ಮೇಲೆ ಬರುತ್ತದೆ. ಮತ್ತೆ ಮರಳು, ಮತ್ತೆ ಬೇರು. ಕೊನೆಗೆ ಓಡಾಡುತ್ತಿದ್ದ ದಿಬ್ಬವೇ ಪೊದೆಯ ಬಲೆಯಲ್ಲಿ ಸಿಕ್ಕಿ ನಿಲ್ಲುತ್ತದೆ. ಮರಳು ಹಾರದಂತೆ ಹಿಡಿಯಲು ಅಲ್ಲಿ ಇದನ್ನು ಬೇಕಂತಲೇ ನೆಡುತ್ತಾರೆ.

ಬೇರೆ ಜುನಿಪರ್‌ಗಳ ಮಧ್ಯೆ ಇದನ್ನು ಗುರುತಿಸುವುದು ಹೇಗೆ?

ಮೂಗಿನಿಂದ. ಒಂದು ಎಳೆ ತುದಿಯನ್ನು ಬೆರಳಲ್ಲಿ ಉಜ್ಜಿ ನೋಡಿ. ಕಟುವಾದ, ತಲೆಗೆ ಹತ್ತುವ, ಅಷ್ಟೇನೂ ಹಿತವಲ್ಲದ ವಾಸನೆ ಬಂದರೆ ಇದೇ ಇರಬೇಕು. ನಮ್ಮಮ್ಮ ಮೂಸಿ ನೋಡಿ, "ಹಳೇ ಟ್ರಂಕಿನಲ್ಲಿ ತಿಗಣೆ ಔಷಧಿ ಹಾಕಿದ ಹಾಗಿದೆ" ಅಂದರು. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬಂದಿಲ್ಲ. ಉಜ್ಜಿದ ಮೇಲೆ ಕೈ ತೊಳೆದುಕೊಳ್ಳಿ.

ಆಮೇಲೆ ಎಲೆ ನೋಡಿ. ಅಡುಗೆಗೆ ಬಳಸುವ ಸಾಮಾನ್ಯ ಜುನಿಪರ್‌ನಲ್ಲಿ ಎಲ್ಲ ಎಲೆಯೂ ಸೂಜಿಯೇ. ಮೂರು ಮೂರರ ಸುತ್ತಿನಲ್ಲಿ ಇರುತ್ತವೆ, ಪ್ರತಿ ಸೂಜಿಯ ಮೇಲ್ಮೈಯಲ್ಲಿ ಒಂದು ಬಿಳಿ ಪಟ್ಟೆ, ಮುಟ್ಟಿದರೆ ಚುಚ್ಚುತ್ತದೆ. ಬೆಳೆದ ಸ್ಯಾವಿನ್‌ನಲ್ಲಿ ಎಲೆ ಮೀನಿನ ಪೊರೆಯ ಹಾಗೆ, 1ರಿಂದ 2 ಮಿಲಿಮೀಟರ್ ಅಷ್ಟೇ, ಜೋಡಿ ಜೋಡಿಯಾಗಿ ರೆಂಬೆಗೆ ಒತ್ತಿಕೊಂಡಿರುತ್ತದೆ. ಸವರಿದರೆ ಮೆತ್ತಗಿರುತ್ತದೆ.

ಒಂದೇ ಪೊದೆಯಲ್ಲಿ ಸೂಜಿಯೂ ಇದೆ, ಪೊರೆಯೂ ಇದೆ. ಎರಡು ಗಿಡ ಸೇರಿಕೊಂಡಿದೆಯಾ?

ಇಲ್ಲ, ಒಂದೇ ಗಿಡ. ಎಳೆಯ ಸಸಿಗೆ 5ರಿಂದ 10 ಮಿಲಿಮೀಟರಿನ ಸೂಜಿ ಎಲೆ ಬರುತ್ತದೆ, ವಯಸ್ಸಾದಂತೆ ಪೊರೆ ಎಲೆ. ದೊಡ್ಡ ಗಿಡದಲ್ಲೂ ನೆರಳು ಬಿದ್ದ ಕಡೆ ಮತ್ತೆ ಸೂಜಿ ಕಾಣಿಸುವುದುಂಟು. ಕೆಲವು ತೋಟದ ತಳಿಗಳು ಮುದುಕಾದರೂ ಬಾಲ್ಯ ಬಿಡುವುದಿಲ್ಲ, ಸೂಜಿಯಲ್ಲೇ ಇರುತ್ತವೆ.

ನಮ್ಮ ಗಿಡದಲ್ಲಿ ಕಾಯಿಯೇ ಬಿಡಲ್ಲ. ಯಾಕೆ?

ಬಹುಶಃ ಗಂಡು ಗಿಡ. ಸ್ಯಾವಿನ್‌ನಲ್ಲಿ ಸಾಮಾನ್ಯವಾಗಿ ಗಂಡು ಬೇರೆ, ಹೆಣ್ಣು ಬೇರೆ, ನಮ್ಮ ಪಪ್ಪಾಯಿಯ ಹಾಗೆ. ಗಂಡಿನ ರೆಂಬೆ ತುದಿಯಲ್ಲಿ ಚಳಿ ಮುಗಿಯುವ ಹೊತ್ತಿಗೆ 2ರಿಂದ 4 ಮಿಲಿಮೀಟರಿನ ಹಳದಿ ಮೊಗ್ಗಿನಂಥವು ಬಂದು ಪುಡಿ ಉದುರಿಸುತ್ತವೆ. ಹೆಣ್ಣು ಗಿಡದಲ್ಲಿ ಕಾಯಿ. ಬೂದಿ ಸವರಿದ ನೀಲಿಗಪ್ಪು ಬಣ್ಣ, 5ರಿಂದ 9 ಮಿಲಿಮೀಟರ್, ಒಳಗೆ ಹೆಚ್ಚಾಗಿ ಒಂದರಿಂದ ಮೂರು ಬೀಜ. ಹಣ್ಣಾಗಲು ಸುಮಾರು 18 ತಿಂಗಳು. ನೋಡಲು ನೇರಳೆ ಹಣ್ಣಿನ ಮರಿಯ ಹಾಗಿದ್ದರೂ ಅದು ಹಣ್ಣಲ್ಲ. ಪೈನ್ ಮರದ ಕೋನ್ ಇರುತ್ತದಲ್ಲ, ಅದೇ ಮೆತ್ತಗಾಗಿ ಮುಚ್ಚಿಕೊಂಡಿದೆ ಅಷ್ಟೇ.

ಜುನಿಪರ್ ಕಾಯಿಯಿಂದಲೇ ಅಲ್ವಾ ಜಿನ್ ಮಾಡೋದು? ಇದನ್ನು ಅಡುಗೆಗೆ ಹಾಕಬಹುದಾ?

ಹಾಕಬೇಡಿ. ಜಿನ್‌ಗೆ ಪರಿಮಳ ಕೊಡುವುದು ಸಾಮಾನ್ಯ ಜುನಿಪರ್, ಜುನಿಪೆರಸ್ ಕಮ್ಯೂನಿಸ್. ಜರ್ಮನ್ನರು ಹುಳಿ ಎಲೆಕೋಸಿಗೆ, ಬೇಟೆ ಮಾಂಸಕ್ಕೆ ಹಾಕುವುದೂ ಅದನ್ನೇ. ಸ್ಯಾವಿನ್ ಕಾಯಿ ವಿಷ. ಎರಡೂ ನೀಲಿಗಪ್ಪು, ಎರಡೂ ಬಟಾಣಿ ಗಾತ್ರದ ಒಳಗೆ. ಹಾಗಾಗಿ ಕಾಯಿ ನೋಡಿ ನಿರ್ಧಾರ ಮಾಡಬೇಡಿ, ಎಲೆ ನೋಡಿ. ನನ್ನ ಮಾತು ಕೇಳುವುದಾದರೆ ಅದೂ ಬೇಡ. ಅಂಗಡಿಯಲ್ಲಿ ಒಣಗಿಸಿದ ಜುನಿಪರ್ ಕಾಯಿಯ ಪೊಟ್ಟಣ ಕಡಿಮೆ ದುಡ್ಡಿಗೆ ಸಿಗುತ್ತದೆ. ಸುಮ್ನೆ ಯಾಕೆ ರಿಸ್ಕ್?

ಎಷ್ಟು ವಿಷ? ಮುಟ್ಟಿದರೂ ಅಪಾಯವಾ?

ಇಡೀ ಗಿಡವೇ ವಿಷ, ಅದರಲ್ಲೂ ಎಳೆ ತುದಿಗಳಲ್ಲಿ ಜಾಸ್ತಿ. ಮುಖ್ಯ ಕಾರಣ ಅದರ ಎಣ್ಣೆ. ಅದರಲ್ಲಿ ಸಬಿನೀನ್, ಸಬಿನೈಲ್ ಅಸಿಟೇಟ್ ಎಂಬ ವಸ್ತುಗಳಿವೆ. ಹೆಸರು ನೋಡಿದರೇ ಗೊತ್ತಾಗುತ್ತದೆ, ಇವಕ್ಕೆ ಈ ಗಿಡದಿಂದಲೇ ನಾಮಕರಣ ಆಗಿದ್ದು. ನಮ್ಮ ಕರಿಮೆಣಸಿನಲ್ಲೂ ಸಬಿನೀನ್ ಇದೆ, ಅದರ ಪಾಡಿಗೆ ಅದು ಅಂಥ ತೊಂದರೆ ಕೊಡುವುದಲ್ಲ. ಕಾಟ ಕೊಡುವುದು ಮುಖ್ಯವಾಗಿ ಎರಡನೆಯದು. ಇದರ ಜೊತೆಗೆ ಎಲೆಯಲ್ಲಿ ಪೊಡೊಫಿಲೊಟಾಕ್ಸಿನ್ ಎಂಬ ಇನ್ನೊಂದು ವಿಷವೂ ಇದೆ.

ಹೊಟ್ಟೆಗೆ ಹೋದರೆ ವಾಂತಿ, ರಕ್ತಭೇದಿ, ಮೂತ್ರದಲ್ಲಿ ರಕ್ತ. ಜಾಸ್ತಿಯಾದರೆ ಫಿಟ್ಸ್, ಪ್ರಜ್ಞೆ ತಪ್ಪುವುದು, ಸಾವು. ಎಣ್ಣೆ ಚರ್ಮಕ್ಕೆ ತಾಗಿದರೆ ಉರಿ, ಬೊಬ್ಬೆ. ಆದರೆ ಪೊದೆಯ ಪಕ್ಕ ನಡೆದು ಹೋದರೆ, ಕೈ ತಾಗಿದರೆ ಏನೂ ಆಗಲ್ಲ. ಕತ್ತರಿಸುವಾಗ ಗ್ಲೌಸ್ ಮತ್ತು ತುಂಬು ತೋಳಿನ ಅಂಗಿ ಹಾಕಿಕೊಳ್ಳಿ, ಅಷ್ಟು ಸಾಕು.

ಮಗು ಒಂದು ಕಾಯಿ ಬಾಯಿಗೆ ಹಾಕಿಕೊಂಡಿತು. ಏನು ಮಾಡಲಿ?

ಬಾಯಲ್ಲಿರುವುದನ್ನು ತೆಗೆಯಿರಿ, ಬಾಯಿ ತೊಳೆಸಿ. ವಾಂತಿ ಮಾಡಿಸಲು ಹೋಗಬೇಡಿ, ಉಪ್ಪುನೀರು ಕುಡಿಸಬೇಡಿ. ನೀವಿರುವ ದೇಶದ ವಿಷ ಮಾಹಿತಿ ಕೇಂದ್ರಕ್ಕೆ ತಕ್ಷಣ ಫೋನ್ ಮಾಡಿ. ಮಗು ಸುಸ್ತಾಗಿದ್ದರೆ ನೇರ ಆಸ್ಪತ್ರೆಗೆ ಹೋಗಿ. ಹೋಗುವಾಗ ಒಂದು ರೆಂಬೆ ಕವರಿನಲ್ಲಿ ಹಾಕಿಕೊಂಡು ಹೋದರೆ ಡಾಕ್ಟರಿಗೆ ಯಾವ ಗಿಡ ಅಂತ ಗೊತ್ತಾಗುತ್ತದೆ. ಅಂಬೆಗಾಲಿಡುವ ಮಕ್ಕಳಿರುವ ಮನೆಗೆ ಹೊಸದಾಗಿ ಇದನ್ನು ತರುವ ಅಗತ್ಯ ನನಗಂತೂ ಕಾಣುವುದಿಲ್ಲ. ನಾಯಿ, ಕುದುರೆ, ದನಗಳಿಗೂ ಇದು ವಿಷವೇ.

ಈ ಗಿಡಕ್ಕೆ ಕೆಟ್ಟ ಹೆಸರು ಇದೆ ಅಂತಾರೆ. ಏನದು?

ನೂರಾರು ವರ್ಷ ಯುರೋಪಿನ ಹೆಂಗಸರು ಬಸಿರು ಇಳಿಸಿಕೊಳ್ಳಲು ಗುಟ್ಟಾಗಿ ಬಳಸಿದ ಗಿಡ ಇದು. ಇಂಗ್ಲಿಷಿನಲ್ಲಿ ಇದಕ್ಕೆ 'ಮಾನ ಮುಚ್ಚುವುದು' ಎಂಬ ಅರ್ಥದ ಅಡ್ಡಹೆಸರಿತ್ತು. ಜರ್ಮನ್ ಹಳ್ಳಿಗಳಲ್ಲಿ 'ಮಕ್ಕಳ ಕೊಲೆ' ಎಂಬ ಹೆಸರೇ ಇತ್ತು. ಹೆಸರು ಗಿಡದ ಮೇಲೆ ಬಿತ್ತು, ಆ ಸ್ಥಿತಿಗೆ ತಂದವರ ಮೇಲೆ ಬೀಳಲಿಲ್ಲ. ಕೂಲಿ ಮನೆಯ ಕೆಲಸದ ಹುಡುಗಿಯರು, ಮದುವೆಯಾಗದವರು, ಎಂಟನೇ ಬಸಿರು ಹೊರಲಾರದವರು. ಕೇಳಲು ವೈದ್ಯರಿಲ್ಲ, ಹೇಳಲು ಬಾಯಿಲ್ಲ.

ಮತ್ತೆ, ಇದು ಕೆಲಸ ಮಾಡುತ್ತಿದ್ದ ಮದ್ದು ಅಂತಲೂ ತಿಳಿಯಬೇಡಿ. ಬಸಿರಿಗೆ ಪೆಟ್ಟು ಬೀಳುವಷ್ಟು ಪ್ರಮಾಣ ತಾಯಿಯ ಕಿಡ್ನಿಗೂ ಕರುಳಿಗೂ ಪೆಟ್ಟು ಕೊಡುತ್ತದೆ. ಎಷ್ಟೋ ಜನ ಬಸಿರೂ ಉಳಿದು, ತಾವೂ ನರಳಿ ಸತ್ತರು. ನಮ್ಮಲ್ಲೂ ಚಿತ್ರಮೂಲದ ಬೇರಿನ ಕಥೆ ಹೀಗೇ ಅಲ್ವಾ? ಇವತ್ತು ಭಾರತದಲ್ಲಿ 1971ರಿಂದ ಕಾನೂನು ಇದೆ, ಸುರಕ್ಷಿತ ವೈದ್ಯಕೀಯ ದಾರಿ ಇದೆ. ಗಿಡದ ಹತ್ತಿರ ಹೋಗುವ ಕಾರಣವೇ ಇಲ್ಲ.

ಹೋಮಿಯೋಪಥಿ ಅಂಗಡಿಯಲ್ಲಿ 'ಸಬೀನಾ' ಅಂತ ಬಾಟಲಿ ನೋಡಿದ್ದೇನೆ. ಇದೇನಾ?

ಇದೇ. ಹೆಚ್ಚಿನ ಕನ್ನಡಿಗರು ಈ ಗಿಡದ ಹೆಸರು ಕೇಳಿರುವುದು ಅಲ್ಲಿಯೇ. ಗಿಡವನ್ನು ನೋಡದೆ ಹೆಸರು ಮಾತ್ರ ಗೊತ್ತಿರುವ ವಿಚಿತ್ರ ಪರಿಚಯ. ಜರ್ಮನಿಯಲ್ಲಿ ಹುಟ್ಟಿದ ಆ ಪದ್ಧತಿ ತನ್ನ ಸುತ್ತಲಿನ ಗಿಡಗಳನ್ನೇ ಎತ್ತಿಕೊಂಡಿತು, ಅವು ಹೆಸರಿನ ಸಮೇತ ಹುಬ್ಬಳ್ಳಿ, ಮೈಸೂರಿನ ಅಂಗಡಿಗಳಿಗೂ ಬಂದವು. ತುಂಬಾ ತೆಳುಮಾಡಿದ ಗುಳಿಗೆಯಲ್ಲಿ ಗಿಡದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಮದರ್ ಟಿಂಕ್ಚರ್ ಬೇರೆ. ಅದರಲ್ಲಿ ಗಿಡದ ಸತ್ವ ನಿಜವಾಗಿಯೂ ಇರುತ್ತದೆ. ಬಸುರಿಯರು, ಬಸಿರಾಗಿರಬಹುದು ಅಂದುಕೊಂಡವರು ಅದನ್ನು ತಾವಾಗಿಯೇ ತಂದು ಕುಡಿಯಬಾರದು.

ಹಿಂದೆ ಇದರ ಮುಲಾಮನ್ನು ನರಹುಲಿಗೂ ಹಚ್ಚುತ್ತಿದ್ದರು. ಅದು ಬರೀ ಮೂಢನಂಬಿಕೆ ಆಗಿರಲಿಲ್ಲ. ಮೇಲೆ ಹೇಳಿದ ಪೊಡೊಫಿಲೊಟಾಕ್ಸಿನ್ ಇವತ್ತಿಗೂ ಕೆಲವು ಬಗೆಯ ನರಹುಲಿಗೆ ಡಾಕ್ಟರು ಕೊಡುವ ಔಷಧಿ. ಅದನ್ನು ತೆಗೆಯುವುದು ಪೊಡೊಫಿಲಮ್ ಜಾತಿಯ ಗಿಡಗಳಿಂದ. ಅವುಗಳಲ್ಲಿ ಒಂದು ನಮ್ಮ ಹಿಮಾಲಯದ್ದು.

ಮಳೆ ಬಂದ ಮೇಲೆ ಪೊದೆಯಲ್ಲಿ ಕಿತ್ತಳೆ ಬಣ್ಣದ ಜೆಲ್ಲಿ ಬಂದಿದೆ. ಇದು ಹೂವಾ?

ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ವರ್ಷ ಏಪ್ರಿಲಿನಲ್ಲಿ ಮೂರು ದಿನ ಬಿಡದೆ ಮಳೆ. ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ ಪೊದೆಯ ದಪ್ಪ ಕೊಂಬೆಗಳ ಮೇಲೆ ಜಹಾಂಗೀರ್ ಬಣ್ಣದ, ಅಂಟಂಟಾದ ಕೊಂಬುಗಳು. ಖುಷಿಯಿಂದ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಇಪ್ಪತ್ತು ಹೃದಯ ಬಂತು.

ಆಗಸ್ಟಿನಲ್ಲಿ ಪಕ್ಕದ ಮನೆ ಅಜ್ಜಿ ಒಂದು ಪಿಯರ್ ಎಲೆ ಹಿಡಿದುಕೊಂಡು ಬಾಗಿಲಿಗೆ ಬಂದರು. ಎಲೆಯ ಮೇಲೆ ಕುಂಕುಮ ಇಟ್ಟ ಹಾಗೆ ಕಿತ್ತಳೆ ಚುಕ್ಕೆಗಳು. "ಇದು ನಿಮ್ಮ ಮನೆಯಿಂದ ಬಂದದ್ದು" ಅಂದರು. ಜಗಳ ಮಾಡಲಿಲ್ಲ, ಆದರೆ ಕಾಫಿಗೂ ಒಳಗೆ ಬರಲಿಲ್ಲ.

ಅದು ಪಿಯರ್ ತುಕ್ಕು ರೋಗ. ಮಾಡುವುದು ಜಿಮ್ನೊಸ್ಪೊರಾಂಜಿಯಮ್ ಸಬೀನೆ ಎಂಬ ಶಿಲೀಂಧ್ರ. ಹೆಸರಲ್ಲೇ ಸಬೀನಾ ಇದೆ. ಇದರ ಬದುಕು ಎರಡು ಮನೆಯ ಸಂಸಾರ. ಚಳಿಗಾಲವೆಲ್ಲ ಜುನಿಪರ್‌ನಲ್ಲಿ, ಬೇಸಿಗೆ ಪಿಯರ್ ಮರದಲ್ಲಿ. ವಸಂತದ ಮಳೆಗೆ ಜುನಿಪರ್ ಮೇಲೆ ಜೆಲ್ಲಿ ಉಬ್ಬುತ್ತದೆ. ಅದರಿಂದ ಕಣ್ಣಿಗೆ ಕಾಣದ ಬೀಜಕಣಗಳು ಗಾಳಿಯಲ್ಲಿ ನೂರಾರು ಮೀಟರ್ ಹಾರಿ ಪಿಯರ್‌ನ ಎಳೆ ಎಲೆಗೆ ಕೂರುತ್ತವೆ. ಮೇ, ಜೂನ್ ಹೊತ್ತಿಗೆ ಚುಕ್ಕೆ. ಬೇಸಿಗೆ ಮುಗಿಯುವಾಗ ಎಲೆಯ ಅಡಿಯಲ್ಲಿ ಪುಟ್ಟ ಜಾಲರಿ ಬುಟ್ಟಿಯಂಥ ಗಂಟುಗಳು. ಆ ಗಂಟುಗಳಿಂದ ಹೊರಟ ಕಣಗಳು ಮತ್ತೆ ಜುನಿಪರ್‌ಗೆ.

ಇದರಲ್ಲಿ ಗಮನಿಸಬೇಕಾದ್ದು ಒಂದು. ಪಿಯರ್‌ನಿಂದ ಪಿಯರ್‌ಗೆ ಈ ರೋಗ ಹರಡುವುದಿಲ್ಲ. ಪ್ರತಿ ವರ್ಷ ಜುನಿಪರ್‌ನಿಂದಲೇ ಹೊಸದಾಗಿ ಬರಬೇಕು. ಹಾಗಾಗಿ ಉದುರಿದ ಪಿಯರ್ ಎಲೆಯನ್ನು ಎಷ್ಟು ಗುಡಿಸಿದರೂ ಮುಂದಿನ ವರ್ಷ ಆ ಮರಕ್ಕೆ ಹೆಚ್ಚು ಪ್ರಯೋಜನ ಇಲ್ಲ. ಜುನಿಪರ್‌ನಲ್ಲಿ ಒಮ್ಮೆ ಸೇರಿಕೊಂಡರೆ ಆ ಕೊಂಬೆಯಲ್ಲಿ ವರ್ಷಗಟ್ಟಲೆ ಇರುತ್ತದೆ. ಊದಿಕೊಂಡ ಕೊಂಬೆಯನ್ನು ಆರೋಗ್ಯವಾಗಿರುವ ಭಾಗದ ತನಕ ಕತ್ತರಿಸಿ ತೆಗೆಯಬೇಕು, ಇಲ್ಲವೇ ಪೊದೆಯನ್ನೇ ತೆಗೆಯಬೇಕು.

ಪಿಯರ್ ಮರ ಸಾಯುತ್ತದಾ ಅಂದರೆ, ನಾಲ್ಕು ಚುಕ್ಕೆಗೆ ಏನೂ ಆಗಲ್ಲ. ಎಲೆಗೆಲ್ಲ ತುಂಬಿಕೊಂಡು ಎರಡು ಮೂರು ವರ್ಷ ಸತತವಾಗಿ ಬಂದರೆ ಮರ ಬಡವಾಗುತ್ತದೆ, ಫಸಲು ಇಳಿಯುತ್ತದೆ. ಎಳೆ ಮರಕ್ಕೆ ಪೆಟ್ಟು ಜಾಸ್ತಿ.

ಎಲ್ಲ ಜುನಿಪರ್‌ನಿಂದಲೂ ಈ ರೋಗ ಬರುತ್ತಾ?

ಇಲ್ಲ, ಅದೇ ಸಮಾಧಾನ. ಸ್ಯಾವಿನ್ ಮತ್ತು ಅದರ ಹತ್ತಿರದ ನೆಂಟರು, ಮುಖ್ಯವಾಗಿ ಚೈನೀಸ್ ಜುನಿಪರ್ ಮತ್ತು ಇವೆರಡರ ಮಿಶ್ರತಳಿ ಫಿಟ್ಜರ್ ಜುನಿಪರ್, ಇದನ್ನು ಹೊರುತ್ತವೆ. ಸಾಮಾನ್ಯ ಜುನಿಪರ್‌ಗೆ ಈ ಶಿಲೀಂಧ್ರದ ಕಾಟ ಇಲ್ಲ. ಸುತ್ತ ಪಿಯರ್ ಮರ ಇದ್ದರೆ ಅದನ್ನೇ ನೆಡಿ.

ಅಮೆರಿಕದಲ್ಲಿರುವವರು ಸೇಬಿನ ಎಲೆಯ ಮೇಲೆ ಇಂಥದ್ದೇ ಚುಕ್ಕೆ ಕಂಡು ನನ್ನನ್ನು ಕೇಳಿದ್ದಾರೆ. ಅದು ಇದೇ ವಂಶದ ಬೇರೆ ಶಿಲೀಂಧ್ರ. ಅಲ್ಲಿನ ಈಸ್ಟರ್ನ್ ರೆಡ್ ಸೀಡರ್ ಮತ್ತು ಸೇಬಿನ ನಡುವೆ ಓಡಾಡುತ್ತದೆ. ರೆಡ್ ಸೀಡರ್ ಅನ್ನುವುದೂ ಒಂದು ಜುನಿಪರ್ರೇ, ಹೆಸರು ಮಾತ್ರ ಸೀಡರ್.

ನರ್ಸರಿಯಲ್ಲಿ ಯಾವ ತಳಿ ಕೇಳಲಿ?

ತುಂಬಾ ಹಳೆಯದು, ಎಲ್ಲ ಕಡೆ ಸಿಗುವುದು 'ತಮಾರಿಸಿಫೋಲಿಯಾ'. ಅಮೆರಿಕದಲ್ಲಿ ಟ್ಯಾಮ್ ಜುನಿಪರ್ ಅನ್ನುತ್ತಾರೆ. ಕೊಂಬೆಗಳು ಒಂದರ ಮೇಲೊಂದು ಹಾಸಿದ ಚಾಪೆಯಂತೆ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುತ್ತವೆ. ಎಲೆಗೆ ನೀಲಿ ಛಾಯೆ, ಹೆಚ್ಚಾಗಿ ಸೂಜಿ. ಕ್ಯಾಲಿಫೋರ್ನಿಯಾದ ಹಳೇ ಬಡಾವಣೆಗಳಲ್ಲಿ ಮನೆ ಮುಂದೆ ಕಾಣುವ ಪೊದೆ ಎಷ್ಟೋ ಸಲ ಇದೇ.

ರೋಗದ ವಿಷಯದಲ್ಲಿ ಗಟ್ಟಿ ಬೇಕು ಅಂದರೆ 'ಆರ್ಕೇಡಿಯಾ', 'ಬ್ರಾಡ್‌ಮೂರ್', 'ಸ್ಕ್ಯಾಂಡಿಯಾ'. ಮೂರೂ ಒಡಹುಟ್ಟಿದವು. ಅಮೆರಿಕದ ಇಲಿನಾಯ್ ರಾಜ್ಯದ ಹಿಲ್ ನರ್ಸರಿಯವರು 1933ರಲ್ಲಿ ರಷ್ಯಾದಿಂದ ತರಿಸಿದ ಬೀಜದ ಸಸಿಗಳಲ್ಲಿ ಆರಿಸಿದ್ದು. ಜುನಿಪರ್‌ನ ತುದಿ ಒಣಗಿಸುವ ಒಂದು ರೋಗ ಇದೆ, ಅದನ್ನು ತಡೆದುಕೊಂಡವು ಅಂತ ಇವನ್ನು ಉಳಿಸಿಕೊಂಡರು. ಕೆನಡಾದ ಚಳಿಗೆ 'ಕ್ಯಾಲ್ಗರಿ ಕಾರ್ಪೆಟ್', 'ಬಫಲೋ' ಕೂಡ ಹೊಂದುತ್ತವೆ.

ಎಲ್ಲಿ ನೆಡಬೇಕು? ಎಷ್ಟು ನೀರು?

ಇಡೀ ದಿನ ಬಿಸಿಲು. ನೀರು ನಿಲ್ಲದ ಮಣ್ಣು. ಇವೆರಡು ಇದ್ದರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಸುಣ್ಣದ ಮಣ್ಣಾದರೂ ಸರಿ, ಕಲ್ಲಾದರೂ ಸರಿ. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಚೆನ್ನಾಗಿ ನೀರು ಕೊಡಿ, ಆಮೇಲೆ ಮರೆತರೂ ನಡೆಯುತ್ತದೆ. ಗೊಬ್ಬರದ ಆಸೆ ಇದಕ್ಕಿಲ್ಲ. ಸೊನ್ನೆಗಿಂತ 35 ಡಿಗ್ರಿ ಕೆಳಗಿನ ಚಳಿಯನ್ನೂ ತಡೆಯುತ್ತದೆ. ಸಾಯುವುದು ಹೆಚ್ಚಾಗಿ ಒದ್ದೆ ಬೇರಿನಿಂದ.

ನರ್ಸರಿಯಲ್ಲಿ ಎರಡು ಲೀಟರ್ ಕುಂಡದಲ್ಲಿ ಮುದ್ದಾಗಿ ಕೂತಿರುತ್ತದೆ. ಮೋಸ ಹೋಗಬೇಡಿ. ಹತ್ತು ವರ್ಷದಲ್ಲಿ ಎರಡು ಮೂರು ಮೀಟರ್ ಅಗಲ ಆಗುತ್ತದೆ. ನಡೆಯುವ ದಾರಿಯಿಂದ ಅಷ್ಟು ದೂರ ಬಿಟ್ಟು ನೆಡಿ.

ತುಂಬಾ ಹರಡಿದೆ. ಬುಡದ ತನಕ ಕತ್ತರಿಸಿದರೆ ಮತ್ತೆ ಚಿಗುರುತ್ತಾ?

ಚಿಗುರಲ್ಲ. ದಾಸವಾಳ, ಕಣಗಿಲೆ ಕತ್ತರಿಸಿ ಅಭ್ಯಾಸ ಇರುವ ನಮಗೆ ಇದೊಂದು ಪಾಠ. ಎಲೆ ಇಲ್ಲದ ಕಂದು ಕೊಂಬೆಗೆ ಕತ್ತರಿ ಹಾಕಿದರೆ ಆ ಜಾಗ ಬೋಳಾಗಿಯೇ ಉಳಿಯುತ್ತದೆ. ಹಸಿರು ಇರುವ ಭಾಗದೊಳಗೇ ಕತ್ತರಿಸಬೇಕು. ಹೆಡ್ಜ್ ಕತ್ತರಿಯಿಂದ ಸಪಾಟು ಮಾಡುವ ಬದಲು, ಮೇಲಿನ ಒಂದು ಉದ್ದ ಕೊಂಬೆಯನ್ನು ಕೆಳಗಿನ ಚಿಕ್ಕ ಕೊಂಬೆ ಮರೆಮಾಡುವ ಹಾಗೆ ಒಳಗಿನಿಂದ ತೆಗೆಯಿರಿ. ಆಗ ಕತ್ತರಿಸಿದ್ದೇ ಗೊತ್ತಾಗುವುದಿಲ್ಲ.

ತುದಿಗಳೆಲ್ಲ ಕಂದಾಗುತ್ತಿವೆ, ಏನು ಕಾರಣ?

ಒಳಗಿನ ಹಳೇ ಎಲೆ ಕಂದಾಗುವುದು ಸಹಜ, ಬಿಡಿ. ಎಳೆ ತುದಿಯೇ ಕಂದಾದರೆ ಮೇಲೆ ಹೇಳಿದ ತುದಿ ಒಣಗುವ ರೋಗ ಇರಬಹುದು. ಒದ್ದೆ ಕಾಲದಲ್ಲಿ ಬರುತ್ತದೆ. ಒಣ ದಿನ ನೋಡಿ ಕತ್ತರಿಸಿ ತೆಗೆಯಿರಿ, ಮೇಲಿನಿಂದ ನೀರು ಚಿಮುಕಿಸಬೇಡಿ. ಇಡೀ ಪೊದೆ ಬೂದು ಹಿಡಿದಂತೆ ಮಂಕಾದರೆ ನುಸಿ ಇರಬಹುದು. ಬಿಳಿ ಹಾಳೆಯ ಮೇಲೆ ರೆಂಬೆ ಕುಟ್ಟಿ ನೋಡಿ, ಚುಕ್ಕೆಗಳು ನಡೆದಾಡಿದರೆ ಅದೇ. ನೀರಿನ ಪೈಪಿನಿಂದ ಜೋರಾಗಿ ತೊಳೆಯಿರಿ. ರಸ್ತೆ ಬದಿಯ ಮೂಲೆಯೊಂದೇ ಕಂದಾಗಿದ್ದರೆ ಬೀದಿಯಲ್ಲಿ ಹೋಗುವ ನಾಯಿಗಳ ಕೆಲಸ.

ಹೊಸ ಗಿಡ ಮಾಡಿಕೊಳ್ಳುವುದು ಹೇಗೆ?

ನೆಲಕ್ಕೆ ತಾಗಿದ ಕೊಂಬೆ ಹುಡುಕಿ. ಎಷ್ಟೋ ಸಲ ಅದಾಗಲೇ ಬೇರು ಬಿಟ್ಟಿರುತ್ತದೆ. ಇಲ್ಲದಿದ್ದರೆ ತೊಗಟೆ ಸ್ವಲ್ಪ ಕೆರೆದು, ಮಣ್ಣು ಮುಚ್ಚಿ, ಮೇಲೊಂದು ಕಲ್ಲಿಡಿ. ಒಂದೆರಡು ವರ್ಷ ಬಿಟ್ಟು ಕತ್ತರಿಸಿ ಬೇರೆ ಕಡೆ ನೆಡಿ. ಬೀಜದಿಂದ ಮಾಡುವ ಸಾಹಸ ಬೇಡ, ಮೊಳಕೆಗೆ ತಾಳ್ಮೆ ಬೇಕು. ಕಾಡಿನಲ್ಲಿ ಆ ಕೆಲಸ ಹಕ್ಕಿಗಳದ್ದು. ನಮಗೆ ವಿಷವಾದ ಕಾಯಿಯನ್ನು ಅವು ನುಂಗಿ, ಬೀಜವನ್ನು ದೂರ ಒಯ್ದು ಹಾಕುತ್ತವೆ.

ಬೆಂಗಳೂರಿನಲ್ಲಿ ಬೆಳೆಯುತ್ತಾ?

ಬೆಂಗಳೂರಿನ ನರ್ಸರಿಗಳಲ್ಲಿ ಜುನಿಪರ್ ಅಂತ ಸಿಗುವುದು ಸಾಮಾನ್ಯವಾಗಿ ಚೈನೀಸ್ ಜುನಿಪರ್ ಬಳಗದ್ದು, ಬೋನ್ಸಾಯ್ ಮಾಡುವವರು ಕೊಳ್ಳುವುದೂ ಅದನ್ನೇ. ಅದು ನಮ್ಮ ಹವೆಗೆ ಹೊಂದಿಕೊಂಡಿದೆ. ಸ್ಯಾವಿನ್ ಚಳಿ ನಾಡಿನ ಗಿಡ. ಒಣ ಗಾಳಿ, ಹಿಮ ಬೀಳುವ ಚಳಿಗಾಲಕ್ಕೆ ಹೊಂದಿ ಬೆಳೆದದ್ದು. ಮಲೆನಾಡು, ಕರಾವಳಿಯ ಮಳೆ ಅದಕ್ಕೆ ಪೂರ್ತಿ ತದ್ವಿರುದ್ಧ. ಆ ಹಾಸುವ ರೂಪವೇ ಬೇಕು ಅಂದರೆ ನರ್ಸರಿಯಲ್ಲಿ ಸಿಗುವ ಹರಡುವ ಜುನಿಪರ್ ಹಾಕಿಕೊಳ್ಳಿ. ಬೀಜವನ್ನು ಸೂಟ್‌ಕೇಸಿನಲ್ಲಿ ತರಬೇಡಿ, ಅನುಮತಿ ಇಲ್ಲದೆ ಗಿಡ, ಬೀಜ ತರುವುದು ಕಾನೂನಿಗೆ ವಿರುದ್ಧ.

ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರು ಸುಡುವ ಧೂಪದ ಎಲೆ ಇದೇನಾ?

ಅಲ್ಲ, ಅದರ ಹಿಮಾಲಯದ ಸೋದರರು. ಟಿಬೆಟ್, ಲಡಾಖ್ ಕಡೆ 'ಶುಕ್ಪಾ' ಎನ್ನುವ ಜುನಿಪರ್ ಎಲೆಯನ್ನು ಪೂಜೆಯ ಹೊಗೆಗೆ ಹಾಕುತ್ತಾರೆ. ಆ ಪರಿಮಳ ಕೇಳಿದವರು ಸ್ಯಾವಿನ್‌ನಿಂದಲೂ ಅದನ್ನೇ ನಿರೀಕ್ಷಿಸಿ, ಮನೆಯೊಳಗೆ ಸುಟ್ಟು ನೋಡಬೇಡಿ.

ನಿಮ್ಮ ಮನೆಯ ಪೊದೆ ಈಗ ಹೇಗಿದೆ?

ಎರಡನೇ ವರ್ಷದ ಅಕ್ಟೋಬರಿನಲ್ಲಿ ತೆಗೆಸಿದೆವು. ಕೊಂಬೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಊದಿಕೊಂಡಿದ್ದವು, ಕತ್ತರಿಸಿ ಉಳಿಸುವ ಹಂತ ದಾಟಿತ್ತು. ಬೇರು ಅಗೆಯಲು ಎರಡು ಶನಿವಾರ ಬೇಕಾಯಿತು. ಬೆಟ್ಟದಲ್ಲಿ ಅದು ಹೇಗೆ ಬಂಡೆ ಹಿಡಿದು ನಿಂತಿದೆ ಅಂತ ಆಗ ನನ್ನ ಸೊಂಟಕ್ಕೆ ಅರ್ಥವಾಯಿತು. ಆ ಜಾಗದಲ್ಲಿ ಸಾಮಾನ್ಯ ಜುನಿಪರ್ ನೆಟ್ಟಿದ್ದೇವೆ. ಅಜ್ಜಿಯ ಮರದಲ್ಲಿ ಚುಕ್ಕೆ ಪೂರ್ತಿ ಹೋಗಿಲ್ಲ, ಬೀದಿಯ ಆ ತುದಿಯಲ್ಲಿ ಇನ್ನೂ ಯಾರದೋ ಪೊದೆ ಇರಬೇಕು. ಆದರೆ ತುಂಬಾ ಕಡಿಮೆಯಾಗಿದೆ. ಹೋದ ಸೆಪ್ಟೆಂಬರಿನಲ್ಲಿ ಒಂದು ಬುಟ್ಟಿ ಪಿಯರ್ ತಂದುಕೊಟ್ಟು, ಒಳಗೆ ಬಂದು ಕೂತು ಕಾಫಿ ಕುಡಿದರು. ಗಟ್ಟಿಯಾಗಿದ್ದ ಹಣ್ಣುಗಳನ್ನು ಆರಿಸಿ ಅಮ್ಮ ಗೊಜ್ಜು ಮಾಡಿದರು. ಒಂದು ಬಾಟಲಿ ಅಜ್ಜಿಗೂ ಹೋಯಿತು.